ವಾರ್ಸಾದ ಶರತ್ಕಾಲ: ಒಂದು ಉತ್ಸವ ಸಂಯೋಜಕರನ್ನು ಬೆಳೆಸಿದ ಬಗೆ

1961ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಸಂಗೀತೋತ್ಸವದಲ್ಲಿ ಒಂದೇ ವಾರದೊಳಗೆ ಎರಡು ಹೊಸ ಕೃತಿಗಳು ವೇದಿಕೆಗೆ ಬಂದವು. ಒಂದರಲ್ಲಿ ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ನಡೆಸುವವರು, ಸನ್ನೆ ಕೊಟ್ಟ ಮೇಲೆ ವಾದಕರು ಒಬ್ಬರಿಗೊಬ್ಬರು ತಾಳ ಹೊಂದಿಸುವ ಗೋಜಿಗೆ ಹೋಗದೆ ತಂತಮ್ಮ ವೇಗದಲ್ಲಿ ನುಡಿಸಿದರು. ಇನ್ನೊಂದರಲ್ಲಿ 52 ತಂತಿವಾದ್ಯಗಳು ತಮ್ಮ ಕೈಗೆಟುಕುವ ಅತಿ ಎತ್ತರದ ಸ್ವರಕ್ಕೆ ಏರಿ ಅಲ್ಲೇ ಚೀರುತ್ತ ನಿಂತವು. ಮೊದಲನೆಯದನ್ನು ಬರೆದವರು 48 ವರ್ಷದ ವಿತೋಲ್ದ್ ಲುತೊಸ್ವಾವ್ಸ್ಕಿ. ಎರಡನೆಯದನ್ನು ಬರೆದವರು 27 ವರ್ಷದ ಕ್ಶಿಶ್ತೋಫ್ ಪೆಂಡೆರೆಟ್ಸ್ಕಿ. ಆರು ವರ್ಷ ಹಿಂದೆ ಆ ದೇಶದಲ್ಲಿ ಇಂಥದ್ದೊಂದು ಉತ್ಸವವೇ ಇರಲಿಲ್ಲ. ಇಂಥ ಸಂಗೀತ ಬರೆದರೆ ಸರ್ಕಾರದ ಕೆಂಗಣ್ಣಿಗೆ ಗುರಿಯಾಗಬೇಕಿತ್ತು.

ಇಷ್ಟು ಬೇಗ ಇಷ್ಟೆಲ್ಲ ಹೇಗೆ ಬದಲಾಯಿತು ಎಂಬುದಕ್ಕೆ ಹಲವು ಕಾರಣಗಳಿವೆ. ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ಆ ಉತ್ಸವವೇ. ಉತ್ಸವವೆಂದರೆ ಈಗಾಗಲೇ ಸಿದ್ಧವಾಗಿರುವ ಕಲೆಯನ್ನು ಜನರ ಮುಂದಿಡುವ ಏರ್ಪಾಡು ಎಂದು ನಾವು ತಿಳಿದುಕೊಂಡಿರುತ್ತೇವೆ. ಹೊಸ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಲೋಕದಲ್ಲಿ ಲೆಕ್ಕ ಬೇರೆ. ಅಲ್ಲಿ ಉತ್ಸವವಿಲ್ಲದಿದ್ದರೆ ಎಷ್ಟೋ ಕೃತಿಗಳು ಹುಟ್ಟುವುದೇ ಇಲ್ಲ, ಎಷ್ಟೋ ಸಂಯೋಜಕರು ತಾವು ಬರೆದದ್ದನ್ನು ತಮ್ಮ ಕಿವಿಯಿಂದ ಕೇಳುವುದೇ ಇಲ್ಲ.

ಬರೆದಿಟ್ಟ ಸಂಗೀತದ ಕಷ್ಟ

ನಮ್ಮ ಸಂಗೀತ ಕಛೇರಿಯಲ್ಲಿ ಹೊಸತು ಹುಟ್ಟುವುದು ವೇದಿಕೆಯ ಮೇಲೆ. ತ್ಯಾಗರಾಜರ ಕೃತಿ ಇನ್ನೂರು ವರ್ಷ ಹಳೆಯದಿರಬಹುದು. ಅದಕ್ಕೆ ಮೊದಲು ಬರುವ ಆಲಾಪನೆ, ನಡುವಿನ ನೆರವಲ್, ಕೊನೆಯ ಸ್ವರಕಲ್ಪನೆ ಆ ಸಂಜೆಯವು. ಒಬ್ಬ ಗಾಯಕಿ, ಒಂದು ಪಿಟೀಲು, ಒಂದು ಮೃದಂಗ, ಒಂದು ತಂಬೂರಿ ಇದ್ದರೆ ಹೊಸ ಸಂಗೀತಕ್ಕೆ ಬೇಕಾದ್ದೆಲ್ಲ ಸಿದ್ಧ.

ಯುರೋಪಿನ ಶಾಸ್ತ್ರೀಯ ಪರಂಪರೆ ಹೊಸತನವನ್ನು ಬಹುಮಟ್ಟಿಗೆ ಕಾಗದದ ಮೇಲೆ ಇರಿಸಿದೆ. ಸಂಯೋಜಕ ಒಂಟಿಯಾಗಿ ಕೂತು ತಿಂಗಳುಗಟ್ಟಲೆ ಬರೆಯುತ್ತಾನೆ. ಎಂಬತ್ತು ಮಂದಿಯ ಆರ್ಕೆಸ್ಟ್ರಾಕ್ಕೆ ಬರೆದರೆ ಒಬ್ಬೊಬ್ಬ ವಾದಕನಿಗೂ ಅವನ ಭಾಗವನ್ನು ಬೇರೆ ಮಾಡಿ ಪ್ರತಿ ತೆಗೆಯಬೇಕು. ಕಂಡಕ್ಟರ್ ವಾರಗಳ ಮೊದಲೇ ಪೂರ್ತಿ ಸ್ವರಲಿಪಿ ಓದಿಕೊಳ್ಳಬೇಕು. ಅಭ್ಯಾಸಕ್ಕೆ ಸಿಗುವುದು ಕೆಲವೇ ಗಂಟೆ, ಪ್ರತಿ ಗಂಟೆಗೂ ಎಂಬತ್ತು ಜನರ ಸಂಬಳ. ಇಷ್ಟೆಲ್ಲ ಆಗಿ ಹನ್ನೆರಡು ನಿಮಿಷದ ಕೃತಿ ಕೇಳಿಸುತ್ತದೆ. ಟಿಕೆಟ್ ಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಬೀಥೋವನ್ ಮತ್ತು ಬ್ರಾಹ್ಮ್ಸ್. ಆರ್ಕೆಸ್ಟ್ರಾ ನಡೆಸುವ ಸಂಸ್ಥೆಯ ಕಡೆಯಿಂದ ನೋಡಿದರೆ ಹೊಸ ಕೃತಿ ಎಂದರೆ ಹೆಚ್ಚು ಖರ್ಚು, ಹೆಚ್ಚು ಅಭ್ಯಾಸ, ಕಡಿಮೆ ಟಿಕೆಟ್.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಹೊತ್ತಿಗೇ ಅಲ್ಲಿನ ಸಭಾಂಗಣಗಳು ತೀರಿಹೋದವರ ಸಂಗೀತದಿಂದ ತುಂಬತೊಡಗಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಂಯೋಜಕರು ಶ್ರುತಿಯ ತಳಹದಿಯನ್ನೇ ಬಿಟ್ಟು ಹೊರಟಾಗ ಕೇಳುಗರೊಂದಿಗಿನ ಬಿರುಕು ಇನ್ನೂ ಅಗಲವಾಯಿತು. ವಿಯೆನ್ನಾದಲ್ಲಿ ಆರ್ನಲ್ಡ್ ಶೋನ್‌ಬರ್ಗ್ ಕಟ್ಟಿದ ದಾರಿ ಕರ್ನಾಟಕ ಸಂಗೀತ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ನಮಗೆ ಹನ್ನೆರಡು ಸ್ವರಸ್ಥಾನಗಳಿವೆ, ಎಲ್ಲವೂ ಆಧಾರ ಷಡ್ಜಕ್ಕೆ ಅಂಟಿಕೊಂಡೇ ಅರ್ಥ ಪಡೆಯುತ್ತವೆ. ಆ ಷಡ್ಜವನ್ನೇ ತೆಗೆದುಬಿಟ್ಟು, ಹನ್ನೆರಡಕ್ಕೂ ಸಮಾನ ಸ್ಥಾನ ಕೊಟ್ಟು, ಅವನ್ನು ಒಂದು ಗೊತ್ತಾದ ಸಾಲಿನಲ್ಲಿ ಜೋಡಿಸಿ ಆ ಸಾಲಿನಿಂದಲೇ ಕೃತಿ ಕಟ್ಟಿದರೆ ಹೇಗಿರುತ್ತದೆ? ಕೇಳುವ ಕಿವಿಗೆ ಮನೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. 1913ರ ಮಾರ್ಚ್ 31ರಂದು ಶೋನ್‌ಬರ್ಗ್ ನಡೆಸಿದ ಕಛೇರಿ ಗಲಾಟೆಯಲ್ಲಿ ಅರ್ಧಕ್ಕೇ ನಿಂತಿತು. ಹನ್ನೆರಡು ಸ್ವರಗಳ ಆ ಪದ್ಧತಿ ಇನ್ನೂ ರೂಪುಗೊಂಡಿರಲಿಲ್ಲ, ಹಳೆಯ ಶ್ರುತಿಯ ಹಿಡಿತ ಸಡಿಲವಾಗಿದ್ದಷ್ಟೇ ಸಾಕಾಗಿತ್ತು. 1918ರಲ್ಲಿ ಅವರು ಹೊಸ ಸಂಗೀತಕ್ಕೆಂದೇ ಒಂದು ಖಾಸಗಿ ಸಂಘ ಕಟ್ಟಿದರು. ಅಲ್ಲಿ ಪತ್ರಿಕಾ ವಿಮರ್ಶಕರಿಗೆ ಪ್ರವೇಶವಿರಲಿಲ್ಲ, ಚಪ್ಪಾಳೆಯೂ ನಿಷಿದ್ಧ. ಕೃತಿಯನ್ನು ಚೆನ್ನಾಗಿ ಅಭ್ಯಾಸ ಮಾಡಿ ಮತ್ತೆ ಮತ್ತೆ ನುಡಿಸುವುದು, ಕೇಳುವುದು, ಅಷ್ಟೇ ಕೆಲಸ. ಹೊಸ ಸಂಗೀತಕ್ಕೆ ಬೇರೆ ಜಾಗ ಬೇಕು ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅರಮನೆಯಿಂದ ರೇಡಿಯೊಗೆ

ಆ ಜಾಗವನ್ನು ಉತ್ಸವದ ರೂಪದಲ್ಲಿ ಒದಗಿಸಿದ್ದು ಜರ್ಮನಿಯ ಡೊನಾವೆಶಿಂಗೆನ್ ಎಂಬ ಪುಟ್ಟ ಊರು. ಡ್ಯಾನ್ಯೂಬ್ ನದಿ ಶುರುವಾಗುವುದು ಇಲ್ಲಿಂದ. 1921ರಲ್ಲಿ ಅಲ್ಲಿನ ಫ್ಯೂರ್ಸ್ಟೆನ್‌ಬರ್ಗ್ ರಾಜಮನೆತನದ ಆಶ್ರಯದಲ್ಲಿ ಯುವ ಸಂಯೋಜಕರ ಕೃತಿಗಳಿಗೆಂದೇ ಒಂದು ಉತ್ಸವ ನಡೆಯಿತು. ಅಲ್ಲಿ 25 ವರ್ಷದ ಪೌಲ್ ಹಿಂಡೆಮಿತ್ ಅವರ ತಂತಿವಾದ್ಯ ಚತುಷ್ಕ ಮೊದಲ ಬಾರಿ ಕೇಳಿಸಿತು. ನುಡಿಸಿದ ನಾಲ್ವರಲ್ಲಿ ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ಹಿಡಿದು ಕೂತಿದ್ದವರು ಸ್ವತಃ ಹಿಂಡೆಮಿತ್. ಮರುವರ್ಷ ಸಾಲ್ಜ್‌ಬರ್ಗ್‌ನಲ್ಲಿ ಸಮಕಾಲೀನ ಸಂಗೀತದ ಅಂತರರಾಷ್ಟ್ರೀಯ ಸಂಘ ಹುಟ್ಟಿತು, ಅದರ ಉತ್ಸವ ಊರಿಂದೂರಿಗೆ ಸಂಚರಿಸುತ್ತ ಬಂತು. ಆಲ್ಬನ್ ಬರ್ಗ್ ಅವರ ಪಿಟೀಲು ಕನ್ಚರ್ಟೊ (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಮೊದಲು ಕೇಳಿಸಿದ್ದು 1936ರಲ್ಲಿ ಆ ಸಂಘ ಬಾರ್ಸಿಲೋನಾದಲ್ಲಿ ನಡೆಸಿದ ಉತ್ಸವದಲ್ಲಿ. ಬರ್ಗ್ ಅದಕ್ಕೆ ನಾಲ್ಕು ತಿಂಗಳ ಹಿಂದೆಯೇ ತೀರಿಕೊಂಡಿದ್ದರು.

ರಾಜಾಶ್ರಯದ ಮಾತು ಬಂದಾಗ ಕನ್ನಡಿಗರು ನೆನೆಯಲೇಬೇಕಾದ ಒಂದು ಸಂಗತಿ ಇದೆ. ರಿಚರ್ಡ್ ಸ್ಟ್ರೌಸ್ ಕೊನೆಯದಾಗಿ ಬರೆದ ನಾಲ್ಕು ಆರ್ಕೆಸ್ಟ್ರಾ ಗೀತೆಗಳು ಅವರು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿ ಕೇಳಿಸಿದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಖಾತರಿ ಕೊಟ್ಟು, ಅದನ್ನು ಧ್ವನಿಮುದ್ರಿಸಿ ತಮ್ಮ ಸಂಗ್ರಹಕ್ಕೆ ತರಿಸಿಕೊಳ್ಳುವ ಏರ್ಪಾಡು ಮಾಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಅದಕ್ಕೂ ಕೆಲವು ವರ್ಷ ಮೊದಲು, ಲಂಡನ್ನಿನಲ್ಲಿ ಕಾಯಿಲೆಯಿಂದ ನರಳುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಸ್ಟ್ರೌಸ್ ಆಗಲಿ ಮೆಟ್ನರ್ ಆಗಲಿ ಸಂಗೀತವನ್ನು ತಲೆಕೆಳಗು ಮಾಡಿದವರಲ್ಲ, ನಿಜ. ಆದರೂ ಕಾಗದದಲ್ಲಿದ್ದ ಸಂಗೀತ ಕಿವಿಗೆ ಬೀಳಲು ಯಾರೋ ಒಬ್ಬರು ದುಡ್ಡು ಕೊಡಬೇಕು ಎಂಬ ಸರಳ ಸತ್ಯಕ್ಕೆ ಮೈಸೂರಿನ ಈ ಅಧ್ಯಾಯ ಒಳ್ಳೆಯ ಸಾಕ್ಷಿ.

ಎರಡನೇ ಮಹಾಯುದ್ಧದ ನಂತರ ರಾಜರ ಜಾಗಕ್ಕೆ ರೇಡಿಯೊ ಬಂತು. 1950ರಿಂದ ಡೊನಾವೆಶಿಂಗೆನ್ ಉತ್ಸವಕ್ಕೆ ಅಲ್ಲಿನ ಪ್ರಾದೇಶಿಕ ಬಾನುಲಿ ಸಂಸ್ಥೆ ಬೆನ್ನೆಲುಬಾಯಿತು. ಅದರ ಸಂಗೀತ ವಿಭಾಗದ ಮುಖ್ಯಸ್ಥ ಹೈನ್ರಿಕ್ ಸ್ಟ್ರೋಬೆಲ್ ಹೊಸಬರಿಗೆ ಕೃತಿ ಬರೆದುಕೊಡುವಂತೆ ಕೇಳುತ್ತಿದ್ದರು. ರೇಡಿಯೊದ ಸ್ವಂತ ಆರ್ಕೆಸ್ಟ್ರಾ ಅದನ್ನು ಕಲಿಯುತ್ತಿತ್ತು, ಕಂಡಕ್ಟರ್ ಹಾನ್ಸ್ ರೋಸ್‌ಬೌಡ್ ತಾಳ್ಮೆಯಿಂದ ಅಭ್ಯಾಸ ಮಾಡಿಸುತ್ತಿದ್ದರು, ಬಳಿಕ ಅದು ಗಾಳಿಯಲ್ಲಿ ಪ್ರಸಾರವಾಗುತ್ತಿತ್ತು. ಬರೆಸುವವರು, ನುಡಿಸುವವರು, ಕೇಳಿಸುವವರು ಎಲ್ಲ ಒಂದೇ ಸೂರಿನಡಿ. ಯಾನಿಸ್ ಕ್ಸೆನಾಕಿಸ್ (1955), ಗ್ಯೋರ್ಗ್ ಲಿಗೆಟಿ (1961) ಮುಂತಾದವರ ಹೆಸರು ಜಗತ್ತಿಗೆ ಗೊತ್ತಾದದ್ದು ಈ ವ್ಯವಸ್ಥೆಯಿಂದ. ಸಾರ್ವಜನಿಕ ಬಾನುಲಿಗೆ ಟಿಕೆಟ್ ಮಾರಾಟದ ಒತ್ತಡವಿರಲಿಲ್ಲವಾದ್ದರಿಂದ ಇದು ನಡೆಯಿತು.

ಪೋಲೆಂಡಿಗೆ ಬಂದ ಸಡಿಲ

ಈಗ ವಾರ್ಸಾಕ್ಕೆ ಬರೋಣ. ಯುದ್ಧದಲ್ಲಿ ಆ ನಗರದ ಬಹುಪಾಲು ನೆಲಸಮವಾಗಿತ್ತು. ಫಿಲ್ಹಾರ್ಮೋನಿಕ್ ಸಭಾಂಗಣ ಬಾಂಬಿಗೆ ಸಿಕ್ಕಿ ಹಾಳಾಗಿತ್ತು. ನಾಜಿಗಳ ಆಳ್ವಿಕೆಯ ವರ್ಷಗಳಲ್ಲಿ ಲುತೊಸ್ವಾವ್ಸ್ಕಿ ಹೊಟ್ಟೆಪಾಡಿಗೆ ಗೆಳೆಯ ಆಂಜೆಯ್ ಪಾನುಫ್ನಿಕ್ ಜೊತೆ ಕಾಫಿ ಅಂಗಡಿಗಳಲ್ಲಿ ಜೋಡಿ ಪಿಯಾನೊ ನುಡಿಸುತ್ತಿದ್ದರು.

ಯುದ್ಧ ಮುಗಿದ ಮೇಲೆ ಬಂದ ಕಮ್ಯುನಿಸ್ಟ್ ಆಡಳಿತ ಸಂಗೀತಕ್ಕೂ ನೀತಿ ಗೊತ್ತುಮಾಡಿತು. 1949ರ ಆಗಸ್ಟ್‌ನಲ್ಲಿ ವಾಗುವ್ ಎಂಬಲ್ಲಿ ಸಂಯೋಜಕರ ಸಮ್ಮೇಳನ ನಡೆಸಿ, ಸಂಸ್ಕೃತಿ ಖಾತೆಯ ಉಪಸಚಿವರು ಸೋವಿಯತ್ ಮಾದರಿಯ ಸಮಾಜವಾದಿ ವಾಸ್ತವವಾದವೇ ಮುಂದಿನ ದಾರಿ ಎಂದು ಸಾರಿದರು. ಸಂಗೀತ ಜನಸಾಮಾನ್ಯರಿಗೆ ತಿಳಿಯಬೇಕು, ಜಾನಪದ ಧಾಟಿ ಇರಬೇಕು, ಉತ್ಸಾಹ ತುಂಬಬೇಕು. ಇದರಿಂದ ಆಚೆ ಹೋದದ್ದೆಲ್ಲ ‘ಫಾರ್ಮಲಿಸಂ’, ಅಂದರೆ ಜನರಿಂದ ದೂರವಾದ ಬರಿಯ ಕಸರತ್ತು. ಲುತೊಸ್ವಾವ್ಸ್ಕಿ ಅವರ ಮೊದಲ ಸಿಂಫನಿಗೆ ಈ ಹಣೆಪಟ್ಟಿ ಬಿತ್ತು, ಅದು ವರ್ಷಗಟ್ಟಲೆ ವೇದಿಕೆಗೆ ಬರಲಿಲ್ಲ. ಜಾನಪದ ಧಾಟಿಗಳ ಮೇಲೆ ಕಟ್ಟಿದ ಕೃತಿಗಳಿಂದ, ಮಕ್ಕಳ ಹಾಡುಗಳಿಂದ ಅವರು ಜೀವನ ಸಾಗಿಸಿದರು. ಆ ಹಾಡುಗಳಲ್ಲೂ ಅವರ ಕೈಚಳಕ ಎದ್ದು ಕಾಣುತ್ತದೆ, ಅದು ಬೇರೆ ಮಾತು.

1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಹಿಡಿತ ಮೆಲ್ಲಗೆ ಸಡಿಲವಾಯಿತು. ಇಬ್ಬರು ಕಿರಿಯ ಸಂಯೋಜಕರು, ತದೇವುಷ್ ಬೈರ್ಡ್ ಮತ್ತು ಕಾಜಿಮಿಯೆಜ್ ಸೆರೊಟ್ಸ್ಕಿ, ಸಂಯೋಜಕರ ಸಂಘದ ಮುಂದೆ ಒಂದು ಸಲಹೆ ಇಟ್ಟರು: ಹೊರಗಿನ ಸಂಗೀತ ನಮಗೆ ಕೇಳಬೇಕು, ನಮ್ಮದು ಹೊರಗಿನವರಿಗೆ ಕೇಳಬೇಕು, ಅದಕ್ಕೊಂದು ಉತ್ಸವ ಮಾಡೋಣ. ಅವರ ಬೇಡಿಕೆಯ ಹಿಂದಿನ ಹಸಿವನ್ನು ಊಹಿಸಿಕೊಳ್ಳಬೇಕು. ಮೊದಲು ಯುದ್ಧ, ಆಮೇಲೆ ಮುಚ್ಚಿದ ಗಡಿ. ಶೋನ್‌ಬರ್ಗ್, ಬರ್ಗ್, ವೆಬರ್ನ್, ಸ್ಟ್ರಾವಿನ್‌ಸ್ಕಿ ಬರೆದದ್ದೆಲ್ಲ ಇಡೀ ಒಂದು ಪೀಳಿಗೆಗೆ ಹೆಚ್ಚುಕಡಿಮೆ ಕೇಳದೇ ಉಳಿದಿತ್ತು.

ಮೊದಲ ಉತ್ಸವ 1956ರ ಅಕ್ಟೋಬರ್ 10ರಿಂದ 21ರವರೆಗೆ ನಡೆಯಿತು. ಅದೇ ದಿನಗಳಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಒಳಗೆ ಅಧಿಕಾರದ ಹಗ್ಗಜಗ್ಗಾಟ ಜೋರಾಗಿತ್ತು. ಸೋವಿಯತ್ ಸೇನೆ ವಾರ್ಸಾದತ್ತ ಚಲಿಸಿದ ಸುದ್ದಿ ಬಂತು. ಉತ್ಸವದ ಕೊನೆಯ ದಿನವಾದ ಅಕ್ಟೋಬರ್ 21ರಂದೇ ವ್ವಾದಿಸ್ವಾವ್ ಗೊಮುಲ್ಕಾ ಪಕ್ಷದ ಮುಖ್ಯಸ್ಥರಾದರು, ದೇಶ ಉಸಿರಾಡಿತು. ಆ ಹನ್ನೆರಡು ದಿನ ಸಭಾಂಗಣದಲ್ಲಿ ಬಾರ್ಟೋಕ್, ಸ್ಟ್ರಾವಿನ್‌ಸ್ಕಿ ಕೇಳಿಸುತ್ತಿದ್ದರೆ ಬೀದಿಯಲ್ಲಿ ಇತಿಹಾಸ ಮಗ್ಗುಲು ಬದಲಿಸುತ್ತಿತ್ತು.

ಮರುವರ್ಷ ಉತ್ಸವ ನಡೆಯಲಿಲ್ಲ. 1958ರಿಂದ ಪ್ರತಿವರ್ಷ ನಡೆಯುತ್ತ ಬಂದಿದೆ. ತಪ್ಪಿದ್ದು 1982ರಲ್ಲಿ, ದೇಶ ಸೇನಾಡಳಿತದಲ್ಲಿದ್ದಾಗ. ಅದರ ಹೆಸರು ‘ವಾರ್ಸಾ ಶರತ್ಕಾಲ’.

ಇದರ ಒಂದು ಗುಣವನ್ನು ನಾನು ಒತ್ತಿ ಹೇಳಬಯಸುತ್ತೇನೆ: ಹಣ ಸರ್ಕಾರದ್ದು, ಆಯ್ಕೆ ಸಂಯೋಜಕರದ್ದು. ಕಾರ್ಯಕ್ರಮ ಸಮಿತಿಯಲ್ಲಿ ಕೂತವರು ಸಂಘದ ಸದಸ್ಯರೇ. ಲುತೊಸ್ವಾವ್ಸ್ಕಿ ಕೂಡ ವರ್ಷಗಟ್ಟಲೆ ಆ ಸಮಿತಿಯಲ್ಲಿದ್ದರು. ಸರ್ಕಾರಕ್ಕೆ ತಾನು ಉದಾರಿ ಎಂದು ಜಗತ್ತಿಗೆ ತೋರಿಸಿಕೊಳ್ಳಬೇಕಿತ್ತು, ಸಂಯೋಜಕರಿಗೆ ಕೇಳಬೇಕಿತ್ತು. ಎರಡೂ ಕಡೆಯ ಗರಜು ಒಂದೇ ಕಡೆ ಕೂಡಿಬಂತು. ಸೋವಿಯತ್ ಕೃತಿಗಳೂ ಪಶ್ಚಿಮದ ಕೃತಿಗಳೂ ಒಂದೇ ಪಟ್ಟಿಯಲ್ಲಿ ಇರುತ್ತಿದ್ದವು. ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸನ್ 1958ರಲ್ಲಿ ತಾವೇ ಬಂದು ತಮ್ಮ ವಿದ್ಯುನ್ಮಾನ ಸಂಗೀತ ಕೇಳಿಸಿದರು. ಪೂರ್ವ ಯುರೋಪಿನ ಬೇರೆ ಯಾವ ದೇಶದಲ್ಲೂ ಆಗ ಇದು ಸುಲಭಕ್ಕೆ ಸಾಧ್ಯವಿರಲಿಲ್ಲ. ಸೋವಿಯತ್ ಒಕ್ಕೂಟದ ಕಿರಿಯ ಸಂಯೋಜಕರಿಗೆ ಪಶ್ಚಿಮದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಪ್ಯಾರಿಸ್ಸಿಗಿಂತ ವಾರ್ಸಾ ಹತ್ತಿರವಾಗಿತ್ತು.

ಮೂರು ಲಕೋಟೆ, ಒಂದೇ ಹೆಸರು

1959ರಲ್ಲಿ ಪೋಲಿಷ್ ಸಂಯೋಜಕರ ಸಂಘ ಯುವ ಸಂಯೋಜಕರಿಗೆ ಸ್ಪರ್ಧೆ ಏರ್ಪಡಿಸಿತು. ಸ್ವರಲಿಪಿಯ ಮೇಲೆ ಹೆಸರು ಇರಕೂಡದು ಎಂಬುದು ನಿಯಮ. ತೀರ್ಪುಗಾರರು ಒಂದು ಮೊದಲ ಬಹುಮಾನ, ಎರಡು ಎರಡನೆಯ ಬಹುಮಾನ ಗೊತ್ತುಮಾಡಿ ಲಕೋಟೆ ಒಡೆದಾಗ ಮೂರೂ ಕೃತಿಗಳು ಒಬ್ಬನೇ ಬರೆದವು ಎಂದು ತಿಳಿಯಿತು. ಕ್ರಾಕುವ್ ನಗರದಲ್ಲಿದ್ದ, ಹೊರಗೆ ಯಾರಿಗೂ ಗೊತ್ತಿಲ್ಲದ ಪೆಂಡೆರೆಟ್ಸ್ಕಿ. ಬಹುಮಾನದ ಜೊತೆಗೆ ವಿದೇಶ ಪ್ರವಾಸವೂ ಸಿಕ್ಕಿತು. ಗೆದ್ದ ಕೃತಿಗಳಲ್ಲೊಂದು ಆ ಸೆಪ್ಟೆಂಬರ್‌ನಲ್ಲಿ ಉತ್ಸವದಲ್ಲಿ ನುಡಿಸಲ್ಪಟ್ಟಿತು. ಸ್ಟ್ರೋಬೆಲ್ ಡೊನಾವೆಶಿಂಗೆನ್‌ಗೆ ಒಂದು ಕೃತಿ ಬರೆದುಕೊಡಿ ಎಂದರು. 1960ರ ಅಕ್ಟೋಬರ್‌ನಲ್ಲಿ ಅದು ಅಲ್ಲಿ ಕೇಳಿಸಿದಾಗ ಸಭಿಕರು ಇನ್ನೊಮ್ಮೆ ನುಡಿಸಿ ಎಂದು ಪಟ್ಟು ಹಿಡಿದರು. ಒಂದು ಉತ್ಸವ ಇನ್ನೊಂದಕ್ಕೆ ಕೈದಾಟಿಸುವ ಈ ಸರಪಳಿ ಇಂದಿಗೂ ಹೊಸ ಸಂಯೋಜಕರು ಮೇಲೆ ಬರುವ ಮುಖ್ಯ ಹಾದಿ.

ಇಷ್ಟರಲ್ಲಿ ಪೆಂಡೆರೆಟ್ಸ್ಕಿ 52 ತಂತಿವಾದ್ಯಗಳ ಕೃತಿಯನ್ನು ಬರೆದಿದ್ದರು. 24 ಪಿಟೀಲು, 10 ವಯೋಲಾ, 10 ಚೆಲ್ಲೊ, 8 ಡಬಲ್ ಬಾಸ್. ಅದರ ಸ್ವರಲಿಪಿಯನ್ನು ತೆರೆದು ನೋಡಿದವರು ಮೊದಲು ಗಮನಿಸುವುದು, ಅದು ನೋಡಲು ಸಂಗೀತದ ಹಾಗೆಯೇ ಇಲ್ಲ ಎಂಬುದನ್ನು. ತಾಳದ ಅಳತೆಯಿಲ್ಲ. ಪುಟದ ಕೆಳಗೆ ಸೆಕೆಂಡುಗಳ ಲೆಕ್ಕ ಬರೆದಿದೆ: ಇಷ್ಟು ಭಾಗಕ್ಕೆ 15 ಸೆಕೆಂಡು, ಇಷ್ಟಕ್ಕೆ 11. ಆರಂಭದಲ್ಲಿ ಗೆರೆಗಳ ಮೇಲೆ ಪುಟ್ಟ ಕಪ್ಪು ತ್ರಿಕೋನಗಳು. ‘ನಿಮ್ಮ ವಾದ್ಯದಲ್ಲಿ ಬರಬಹುದಾದ ಅತಿ ಎತ್ತರದ ಸ್ವರ, ಅದು ಯಾವುದಾದರೂ ಸರಿ’ ಎಂದು ಅದರ ಅರ್ಥ. 52 ಜನರ ‘ಅತಿ ಎತ್ತರ’ ಒಂದೇ ಆಗಿರುವುದಿಲ್ಲ. ಹಾಗಾಗಿ ಕೇಳುವುದು ಒಂದು ಸ್ವರವಲ್ಲ, ಒಂದಕ್ಕೊಂದು ಉಜ್ಜುವ ಹತ್ತಾರು ಸ್ವರಗಳ ಚೂಪಾದ ಒಂದು ಪಟ್ಟಿ.

ಸ್ವಲ್ಪ ಮುಂದೆ ಬೇರೆ ಚಿಹ್ನೆಗಳು ಬರುತ್ತವೆ. ತಂತಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು) ಮೇಲಿಂದ ಹಾದು ಕೆಳಗೆ ಕಟ್ಟಿರುವ ಗಿಡ್ಡ ಭಾಗವಿದೆಯಲ್ಲ, ಸಾಮಾನ್ಯವಾಗಿ ಯಾರೂ ಮುಟ್ಟದ ಜಾಗ, ಅಲ್ಲಿ ಕಮಾನು ಎಳೆಯಿರಿ ಎಂದು ಒಂದು ಚಿಹ್ನೆ. ಕುದುರೆಯ ಮೇಲೆಯೇ ಎಳೆಯಿರಿ ಎಂದು ಇನ್ನೊಂದು. ವಾದ್ಯದ ಮೈಯನ್ನು ಬೆರಳ ತುದಿಯಿಂದ ಅಥವಾ ಕಮಾನಿನ ಹಿಡಿಯಿಂದ ತಟ್ಟಿ ಎಂದು ಮತ್ತೊಂದು. ವರ್ಷಗಟ್ಟಲೆ ಇಂಪಾದ ನಾದಕ್ಕಾಗಿ ಸಾಧನೆ ಮಾಡಿ ದುಬಾರಿ ವಾದ್ಯ ಕೊಂಡವರಿಗೆ ಹೀಗೆ ಮಾಡು ಎಂದರೆ ಮುಖ ಗಂಟಿಕ್ಕುವುದು ಸಹಜ. ಇನ್ನೂ ಮುಂದೆ ಪುಟದ ಮೇಲೆ ದಪ್ಪ ಕಪ್ಪು ಪಟ್ಟಿಗಳು ಕಾಣುತ್ತವೆ, ಅಗಲವಾಗುತ್ತ, ಕಿರಿದಾಗುತ್ತ ಸಾಗುತ್ತವೆ. ಎರಡು ಸ್ವರಗಳ ನಡುವಿನ ಜಾಗವನ್ನೆಲ್ಲ, ಅರ್ಧಸ್ವರದ ಅರ್ಧದಷ್ಟು ಅಂತರದಲ್ಲಿ, ಬೇರೆ ಬೇರೆ ವಾದಕರು ತುಂಬಬೇಕು. ನಮ್ಮ ಗಮಕ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಹಾದುಹೋಗುವ ಸೂಕ್ಷ್ಮ ಸ್ಥಾನಗಳೆಲ್ಲ ಇಲ್ಲಿ ಒಟ್ಟಿಗೆ, ಒಂದೇ ಕ್ಷಣದಲ್ಲಿ ಕೇಳಿಸುತ್ತವೆ. ಕೊನೆಗೆ 52 ವಾದ್ಯಗಳೂ 52 ಬೇರೆ ಬೇರೆ ಸ್ವರ ಹಿಡಿದು ಅಬ್ಬರದಿಂದ ಶುರುಮಾಡಿ 30 ಸೆಕೆಂಡಿನಲ್ಲಿ ಏನೂ ಕೇಳದಷ್ಟು ಕ್ಷೀಣವಾಗುತ್ತವೆ.

ರಾಗವಿಲ್ಲ, ಹಾರ್ಮನಿ ಎನ್ನುವ ಸ್ವರಮೇಳವಿಲ್ಲ, ಲಯವೂ ಇಲ್ಲ. ಹಾಗಾದರೆ ಹಿಡಿದುಕೊಳ್ಳುವುದು ಏನನ್ನು? ನಾದದ ಒರಟು-ನುಣುಪು, ದಪ್ಪ-ತೆಳು, ಬೆಳಕು-ಕತ್ತಲು ಇವೇ ಇಲ್ಲಿ ಸಂಗೀತದ ಸಾಮಗ್ರಿ. ನಾವು ಯಾವಾಗಲೂ ಸ್ವರದ ಹಿಂದೆ ಹೋಗುವ ಅಭ್ಯಾಸದವರು. ಇಲ್ಲಿ ಸ್ವರಗಳ ರಾಶಿ ಯಾವ ಆಕಾರ ತಾಳುತ್ತಿದೆ ಎಂದು ನೋಡಬೇಕು. ಇದೊಂದು ತಿಳಿದರೆ ಆ ಕಾಲದ ಪೋಲಿಷ್ ಸಂಗೀತದ ಅರ್ಧ ಬೀಗ ತೆರೆದ ಹಾಗೆ.

ಕೃತಿಗೆ ಪೆಂಡೆರೆಟ್ಸ್ಕಿ ಮೊದಲು ಇಟ್ಟ ಹೆಸರು ಅದರ ಕಾಲಾವಧಿ: 8 ನಿಮಿಷ 37 ಸೆಕೆಂಡು. ಬರೆಯುವಾಗ ಅವರ ಮುಂದಿದ್ದದ್ದು ನಾದದ ಲೆಕ್ಕಾಚಾರ ಮಾತ್ರ. ಆರ್ಕೆಸ್ಟ್ರಾ ನುಡಿಸಿದ್ದನ್ನು ಕೇಳಿದಾಗ ಅದರ ಭಾವದ ತೀವ್ರತೆ ಅವರನ್ನೇ ಅಲುಗಾಡಿಸಿತು. ಅದನ್ನು ಅವರು ಹಿರೋಷಿಮಾದಲ್ಲಿ ಬಲಿಯಾದವರಿಗೆ ಅರ್ಪಿಸಿದರು. ಜಗತ್ತು ಅದನ್ನು ಅರಿತಿರುವುದು ಹಿರೋಷಿಮಾದ ಶೋಕಗೀತೆ ಎಂದೇ. 1961ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಆಶ್ರಯದ ರೇಡಿಯೊ ಸಂಯೋಜಕರ ವೇದಿಕೆಯಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಹೆಸರು ಆಮೇಲೆ ಬಂದದ್ದು ಎಂಬ ಕಾರಣಕ್ಕೆ ಅದನ್ನು ಕೃತಕ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಾನು ಬರೆದದ್ದು ಏನೆಂಬುದು ಕೇಳಿದ ಮೇಲಷ್ಟೇ ಸಂಯೋಜಕನಿಗೂ ತಿಳಿಯಿತು. 52 ವಾದಕರು ಮೈಬಗ್ಗಿಸಿ ಅದನ್ನು ಕಲಿಯದೇ ಹೋಗಿದ್ದರೆ ಅದು 8 ನಿಮಿಷ 37 ಸೆಕೆಂಡಿನ ನಕ್ಷೆಯಾಗಿಯೇ ಉಳಿಯುತ್ತಿತ್ತು.

ಲುತೊಸ್ವಾವ್ಸ್ಕಿ ಕೊಟ್ಟ ಸ್ವಾತಂತ್ರ್ಯ

ಲುತೊಸ್ವಾವ್ಸ್ಕಿ ಅವರ ದಾರಿ ಇದಕ್ಕಿಂತ ಸಂಯಮದ್ದು. 1960ರ ಸುಮಾರಿಗೆ ಅವರು ರೇಡಿಯೊದಲ್ಲಿ ಅಮೆರಿಕದ ಜಾನ್ ಕೇಜ್ ಅವರ ಪಿಯಾನೊ ಕನ್ಚರ್ಟ್‌ನ ಒಂದು ತುಣುಕು ಕೇಳಿದರು. ಏನು ನುಡಿಸಬೇಕು, ಯಾವಾಗ ನುಡಿಸಬೇಕು ಎಂಬುದನ್ನು ಕೇಜ್ ಬಹುಮಟ್ಟಿಗೆ ಆಕಸ್ಮಿಕಕ್ಕೆ ಬಿಟ್ಟಿದ್ದರು. ಲುತೊಸ್ವಾವ್ಸ್ಕಿಗೆ ಆ ತತ್ವ ಬೇಕಿರಲಿಲ್ಲ, ಅದರಿಂದ ಹುಟ್ಟುವ ನಾದ ಬೇಕಿತ್ತು. ಹೀಗೆ ಬಂದದ್ದು ಅವರು ವೆನಿಸ್‌ನ ಉತ್ಸವಕ್ಕೆ ಬರೆದ ಕೃತಿ. ಅದರ ಮೊದಲ ರೂಪ 1961ರ ಏಪ್ರಿಲ್‌ನಲ್ಲಿ ವೆನಿಸ್‌ನಲ್ಲಿ ಕೇಳಿಸಿತು. ತಿದ್ದಿ ಪೂರ್ಣಗೊಳಿಸಿದ ರೂಪ ಸೆಪ್ಟೆಂಬರ್‌ನಲ್ಲಿ ವಾರ್ಸಾದಲ್ಲಿ. ಎರಡು ಉತ್ಸವಗಳ ನಡುವಿನ ಐದು ತಿಂಗಳಲ್ಲಿ ಅವರು ಕೃತಿಯನ್ನು ಮತ್ತೆ ಕಟ್ಟಿದರು.

ಮೊದಲ ಭಾಗದಲ್ಲಿ ಎಂಟು ತುಂಡುಗಳಿವೆ. ತಾಳವಾದ್ಯದ ಒಂದು ಪೆಟ್ಟು ಬಿದ್ದರೆ ತುಂಡು ಶುರು, ಇನ್ನೊಂದು ಪೆಟ್ಟಿಗೆ ಅದು ಮುಗಿದು ಮುಂದಿನದು ಶುರು. ಒಂದು ತುಂಡಿನಲ್ಲಿ ಕೊಳಲು ಮುಂತಾದ ಊದುವ ವಾದ್ಯಗಳ ಗಡಿಬಿಡಿ, ಮರುತುಂಡಿನಲ್ಲಿ ತಂತಿವಾದ್ಯಗಳ ಮೆಲ್ಲನೆಯ ನಿಶ್ಚಲತೆ, ಹೀಗೆ ಬದಲಾಗುತ್ತ ಹೋಗುತ್ತದೆ. ಗಡಿಬಿಡಿಯ ತುಂಡುಗಳಲ್ಲಿ ಒಬ್ಬೊಬ್ಬ ವಾದಕನ ಭಾಗವೂ ಸ್ವರ ಸ್ವರವಾಗಿ ಬರೆದೇ ಇದೆ. ಪಕ್ಕದವರೊಂದಿಗೆ ತಾಳ ಕೂಡಬೇಕೆಂಬ ಕಟ್ಟು ಮಾತ್ರ ಇಲ್ಲ. ಸಂತೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮಾತು ತಾವಾಡುತ್ತಿದ್ದರೂ ದೂರದಿಂದ ಕೇಳುವವರಿಗೆ ಒಂದೇ ಗುನುಗು ಕೇಳಿಸುವ ಹಾಗೆ, ಇಲ್ಲಿ ಬಿಡಿ ಸಾಲುಗಳು ಕರಗಿ ಒಂದು ಮಿನುಗುವ ಮೊತ್ತವಾಗುತ್ತವೆ. ಯಾರು ಯಾವ ಸ್ವರಗಳನ್ನು ಮುಟ್ಟಬಹುದು ಎಂಬುದನ್ನು ಸಂಯೋಜಕರು ಮೊದಲೇ ಹಂಚಿಟ್ಟಿರುವುದರಿಂದ ಯಾವ ಎರಡು ಸ್ವರ ಯಾವಾಗ ಕೂಡಿದರೂ ಒಟ್ಟು ಬಣ್ಣ ಕೆಡುವುದಿಲ್ಲ. ಪ್ರತಿ ಪ್ರಯೋಗದಲ್ಲೂ ವಿವರ ಬೇರೆ, ಕೃತಿ ಒಂದೇ. ಈ ಉಪಾಯವನ್ನು ಅವರು 1994ರಲ್ಲಿ ಸಾಯುವವರೆಗೂ ಪಳಗಿಸುತ್ತ ಹೋದರು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟು ಮತ್ತು ಬಿಡುವನ್ನು ಇಷ್ಟು ಹದವಾಗಿ ಬೆರೆಸಿದ ಇನ್ನೊಬ್ಬ ಸಂಯೋಜಕ ನನಗೆ ಕಾಣುವುದಿಲ್ಲ.

ಇವರಿಬ್ಬರ ಹೆಸರಿನ ಅಬ್ಬರದಲ್ಲಿ ಗ್ರಾಜಿನಾ ಬಾಟ್ಸೆವಿಚ್ (1909–1969) ಮರೆಯಾಗಬಾರದು. ಅವರು ಸ್ವತಃ ದೊಡ್ಡ ಪಿಟೀಲುವಾದಕಿ. ತಂತಿವಾದ್ಯ, ತುತ್ತೂರಿ ಮತ್ತು ತಾಳವಾದ್ಯಗಳಿಗೆ ಅವರು 1958ರಲ್ಲಿ ಬರೆದು ಮರುವರ್ಷದ ಉತ್ಸವದಲ್ಲಿ ಕೇಳಿಸಿದ ಕೃತಿಯಲ್ಲಿ ಹಳೆಯ ಬಿಗಿಯೂ ಹೊಸ ಕಸುವೂ ಒಟ್ಟಿಗಿವೆ. ಹೊಸ ಸಂಗೀತಕ್ಕೆ ಹೆದರುವವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ಉತ್ಸವ ಕೈಬಿಟ್ಟಾಗ

ಉತ್ಸವಗಳಿಗೆ ಒಂದು ಕೆಡುಕೂ ಇದೆ. ಹೊಸತನ್ನು ಬೆಳೆಸುವ ಜಾಗವೇ ಕೆಲವು ವರ್ಷಗಳಲ್ಲಿ ‘ಹೊಸತು ಎಂದರೆ ಹೀಗಿರಬೇಕು’ ಎಂಬ ಕಟ್ಟಳೆ ಹೇರತೊಡಗುತ್ತದೆ. ಪೋಲಿಷ್ ಸಂಯೋಜಕ ಹೆನ್ರಿಕ್ ಗುರೆಟ್ಸ್ಕಿ ಅವರ ಕತೆ ಇದಕ್ಕೆ ಉದಾಹರಣೆ. 1960ರ ವಾರ್ಸಾ ಉತ್ಸವದಲ್ಲಿ ಅವರ ದೊಡ್ಡ ಆರ್ಕೆಸ್ಟ್ರಾ ಕೃತಿ ಕೋಲಾಹಲ ಎಬ್ಬಿಸಿತ್ತು. ಆಗ 26ರ ಹರೆಯದ ಅವರು ಬಿರುಸಿನ ಬಣದ ಮುಂಚೂಣಿಯಲ್ಲಿದ್ದರು. ಆಮೇಲೆ ಅವರು ಹಂತಹಂತವಾಗಿ ಸರಳತೆಯ ಕಡೆಗೆ, ಹಳೆಯ ಚರ್ಚ್ ಗಾನ ಮತ್ತು ಜಾನಪದದ ಕಡೆಗೆ ತಿರುಗಿದರು. 1976ರಲ್ಲಿ ಬರೆದು ಮುಗಿಸಿದ ಅವರ ಮೂರನೆಯ ಸಿಂಫನಿಯಲ್ಲಿ ಮೂರೂ ಭಾಗ ವಿಳಂಬಗತಿಯವು, ಮೂರೂ ದುಃಖದವು, ತಾಯಿ ಮತ್ತು ಮಕ್ಕಳ ಅಗಲಿಕೆಯವು. ನಡುವಿನ ಭಾಗದ ಸಾಹಿತ್ಯ 18 ವರ್ಷದ ಹುಡುಗಿಯೊಬ್ಬಳು 1944ರಲ್ಲಿ ನಾಜಿ ರಹಸ್ಯ ಪೊಲೀಸರ ಸೆರೆಕೋಣೆಯ ಗೋಡೆಯ ಮೇಲೆ ಗೀಚಿದ ಪ್ರಾರ್ಥನೆ. ಅಮ್ಮಾ, ಅಳಬೇಡ ಎಂದು ಅದು ಶುರುವಾಗುತ್ತದೆ.

1977ರಲ್ಲಿ ಫ್ರಾನ್ಸಿನ ರುವಾಯಾಂ ಉತ್ಸವದಲ್ಲಿ ಇದು ಮೊದಲು ಕೇಳಿಸಿದಾಗ ಹೊಸ ಸಂಗೀತದ ವಿಮರ್ಶಕರು ಮುಖ ತಿರುಗಿಸಿದರು. ಇಷ್ಟೊಂದು ಮಧುರ ಸ್ವರಮೇಳ, ಇಷ್ಟೊಂದು ಪುನರಾವರ್ತನೆ ಅವರ ಪಾಲಿಗೆ ಹಿಂದಕ್ಕೆ ನಡೆದಂತಿತ್ತು. ಹದಿನೈದು ವರ್ಷದ ನಂತರ, 1992ರಲ್ಲಿ, ಡಾನ್ ಅಪ್‌ಶಾ ಹಾಡಿದ, ಡೇವಿಡ್ ಜಿನ್‌ಮನ್ ನಡೆಸಿದ ಧ್ವನಿಮುದ್ರಿಕೆ ಹೊರಬಂತು. ಅದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಸಮಕಾಲೀನ ಶಾಸ್ತ್ರೀಯ ಕೃತಿಯೊಂದಕ್ಕೆ ಇದು ಕಂಡು ಕೇಳರಿಯದ ಸಂಖ್ಯೆ. ಗುರೆಟ್ಸ್ಕಿ ಗೆದ್ದರು, ಉತ್ಸವಗಳು ಸೋತವು ಎಂದು ಇದನ್ನು ಸರಳವಾಗಿ ಹೇಳಿಬಿಡಬಹುದು. ನಾನು ಹೇಳುವುದಿಲ್ಲ. ಆ ಸಿಂಫನಿಯನ್ನು ಬರೆಯಲು ಕೇಳಿದ್ದು ಡೊನಾವೆಶಿಂಗೆನ್ ಬೆನ್ನಿಗಿದ್ದ ಅದೇ ಜರ್ಮನ್ ಬಾನುಲಿ, ಮೊದಲು ನುಡಿಸಿದ್ದು ಒಂದು ಉತ್ಸವ. ಅಭಿರುಚಿಯಲ್ಲಿ ತಪ್ಪಿದರೂ ಕೃತಿ ಹುಟ್ಟುವ ಏರ್ಪಾಡನ್ನು ಅವು ಬಿಡಲಿಲ್ಲ.

ನಿಜವಾದ ಸಮಸ್ಯೆ ಇರುವುದು ಎರಡನೇ ಪ್ರಯೋಗದಲ್ಲಿ. ಮೊದಲ ಬಾರಿ ನುಡಿಸಿದ ಹೆಮ್ಮೆ ಎಲ್ಲ ಉತ್ಸವಗಳಿಗೂ ಬೇಕು. ಬೇರೆಲ್ಲೋ ಆಗಲೇ ಕೇಳಿಸಿದ ಕೃತಿಯನ್ನು ಮತ್ತೆ ಎತ್ತಿಕೊಳ್ಳುವ ಉತ್ಸಾಹ ಕಡಿಮೆ. ಹಾಗಾಗಿ ತಿಂಗಳುಗಟ್ಟಲೆ ಕೂತು ಬರೆದದ್ದು ಒಂದು ಸಂಜೆಗೆ ಬೆಳಗಿ ಕಪಾಟು ಸೇರುತ್ತದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ (1978ರಿಂದ), ಆಸ್ಟ್ರಿಯಾದಲ್ಲಿ ಕ್ಲಾಡಿಯೊ ಅಬ್ಬಾಡೊ ಶುರುಮಾಡಿದ ವೀನ್ ಮಾಡರ್ನ್ (1988ರಿಂದ) ಉತ್ಸವಗಳು ಒಬ್ಬೊಬ್ಬ ಸಂಯೋಜಕರ ಹಲವು ಕೃತಿಗಳನ್ನು ಒಟ್ಟಿಗೆ ಕೇಳಿಸುವ ಮೂಲಕ ಇದಕ್ಕೆ ಸ್ವಲ್ಪ ಮದ್ದು ಹುಡುಕಿವೆ. ನ್ಯೂಯಾರ್ಕಿನಲ್ಲಿ 1987ರಲ್ಲಿ ಮೂವರು ಗೆಳೆಯರು, ಜೂಲಿಯಾ ವೂಲ್ಫ್, ಡೇವಿಡ್ ಲ್ಯಾಂಗ್, ಮೈಕಲ್ ಗಾರ್ಡನ್, ಒಂದು ಕಲಾ ಗ್ಯಾಲರಿಯಲ್ಲಿ ಹನ್ನೆರಡು ಗಂಟೆಯ ಕಛೇರಿ ನಡೆಸಿ ಬೇರೆಯೇ ದಾರಿ ತೋರಿಸಿದರು: ಗಂಭೀರ ಸಭಾಂಗಣವೇ ಬೇಡ, ಬಂದು ಹೋಗಿ, ಬೇಕಾದಷ್ಟು ಹೊತ್ತು ಕೇಳಿ.

ವಾರ್ಸಾ ಶರತ್ಕಾಲ ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಈಗ ಗಡಿ ಮುಚ್ಚಿಲ್ಲ, ಎಲ್ಲ ಸಂಗೀತವೂ ಫೋನಿನಲ್ಲೇ ಸಿಗುತ್ತದೆ. ಹಾಗಾಗಿ 1956ರ ಹಸಿವು ಇಂದಿನ ಕೇಳುಗರಲ್ಲಿ ಇರಲಾರದು. ಆದರೆ ಆರ್ಕೆಸ್ಟ್ರಾದ ಅಭ್ಯಾಸದ ಗಂಟೆ ಇಂದಿಗೂ ದುಬಾರಿಯೇ.

ಕೇಳಬೇಕೆನ್ನುವವರಿಗೆ ನಾನು ಹೇಳುವ ಕ್ರಮ ಇದು. ಮೊದಲು ಬಾಟ್ಸೆವಿಚ್, ಆಮೇಲೆ ಲುತೊಸ್ವಾವ್ಸ್ಕಿ ಅವರ ವೆನಿಸ್ ಕೃತಿ, ಅದು ಹದಿಮೂರು ನಿಮಿಷದ ಆಸುಪಾಸು. ತಾಳವಾದ್ಯದ ಪೆಟ್ಟುಗಳನ್ನು ಗುರುತಿಸುತ್ತ ಹೋದರೆ ಮೊದಲ ಭಾಗದ ಕಟ್ಟಡ ತಾನಾಗಿ ಕಾಣುತ್ತದೆ. ಪೆಂಡೆರೆಟ್ಸ್ಕಿಯವರದನ್ನು ಸ್ವರಲಿಪಿ ತೆರೆಯ ಮೇಲೆ ಸಾಗುವ ವಿಡಿಯೊದೊಂದಿಗೆ ಕೇಳಿ. ಕಪ್ಪು ಪಟ್ಟಿ ಅಗಲವಾಗುವುದನ್ನು ಕಣ್ಣು ಕಂಡಾಗ ಕಿವಿ ಹೆದರುವುದನ್ನು ಬಿಡುತ್ತದೆ. ಗುರೆಟ್ಸ್ಕಿಗೆ ಒಂದು ಗಂಟೆ ಪೂರ್ತಿ ಬಿಡುವು ಮಾಡಿಕೊಳ್ಳಿ. ಮೊದಲ ಭಾಗ ಡಬಲ್ ಬಾಸ್‌ಗಳಲ್ಲಿ ಕೇಳಿಸೀ ಕೇಳಿಸದಂತೆ ಶುರುವಾಗಿ, ಒಂದರ ಮೇಲೊಂದು ವಾದ್ಯ ಅದೇ ಸಾಲನ್ನು ಎತ್ತಿಕೊಳ್ಳುತ್ತ ಏರುತ್ತದೆ, ಹಾಡು ಬರಲು ಹತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕು.